ಬೋಟಿಗೆ ಡೀಸೆಲ್ ತುಂಬಿಸುವಾಗ ನೀರಿಗೆ ಚೆಲ್ಲದಿರಲು ಏನು ಮಾಡಬೇಕು? ದಕ್ಕೆಯವರಿಗೂ, ಅಂಗಡಿಯವರಿಗೂ ಬೇಕಾದ ಪೂರ್ಣ ಮಾಹಿತಿ

ಉಡುಪಿ: ಆಗಸ್ಟ್ 1ಕ್ಕೆ ಯಾಂತ್ರೀಕೃತ ಮೀನುಗಾರಿಕೆ ಶುರು ಅಂದರೆ ಜುಲೈ ಕೊನೆಯ ವಾರದಿಂದಲೇ ಮಲ್ಪೆ, ಗಂಗೊಳ್ಳಿ ದಕ್ಕೆಗಳಲ್ಲಿ ಗಡಿಬಿಡಿ. ಬಲೆ ಏರಿಸಬೇಕು, ಐಸ್ ತುಂಬಿಸಬೇಕು, ದಿನಸಿ ತರಬೇಕು, ಎಲ್ಲಕ್ಕಿಂತ ಮೊದಲು ಡೀಸೆಲ್ ಹಾಕಿಸಬೇಕು. ಬಂಕಿನ ಮುಂದೆ ಬೋಟಿನ ಹಿಂದೆ ಬೋಟು. ಪೈಪ್ ಎಳೆದು ಟ್ಯಾಂಕಿಗೆ ಇಟ್ಟವರು ಐಸ್ ಇಳಿಸಲು ಆಚೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಪಕ್ಕದ ಬೋಟಿನಿಂದ ಕೂಗು: "ಹ್ವಾಯ್, ನಿಲ್ಸಿ ಮಾರ್ರೆ, ಹೊರಗೆ ಹೋತಾ ಇತ್ತ್!"

ಅಷ್ಟರಲ್ಲಿ ಮೂರು-ನಾಲ್ಕು ಲೀಟರ್ ನೀರಿನ ಪಾಲಾಗಿರುತ್ತದೆ. ಬಣ್ಣಬಣ್ಣದ ಪೊರೆ ಬೋಟುಗಳ ನಡುವೆ ಹರಡುತ್ತದೆ. "ಉಬ್ಬರ ಬಂದ್ರೆ ಹೋತ್ತ್" ಅಂತ ಎಲ್ಲರೂ ಸುಮ್ಮನಾಗುತ್ತಾರೆ.

ದೊಡ್ಡ ಸೋರಿಕೆಯಾದರೆ ಸುದ್ದಿಯಾಗುತ್ತದೆ. 2006ರ ಮೇ ಕೊನೆಯಲ್ಲಿ ಕಾರವಾರದ ಬಳಿ ಓಶನ್ ಸೆರಾಯಾ ಹಡಗು ಬಂಡೆಗೆ ತಾಗಿ ಎಣ್ಣೆ ತೀರಕ್ಕೆ ಬಂದದ್ದು ಉತ್ತರ ಕನ್ನಡದವರಿಗೆ ಇನ್ನೂ ನೆನಪಿದೆ. 2025ರ ಮೇ 25ರಂದು ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಇಡೀ ಪಶ್ಚಿಮ ಕರಾವಳಿ ಗಾಬರಿಯಾಗಿತ್ತು. ಆದರೆ ದಕ್ಕೆಯಲ್ಲಿ ದಿನವೂ ಕಾಲು ಲೀಟರ್, ಅರ್ಧ ಲೀಟರ್ ಅಂತ ಬೀಳುವುದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಹಡಗಿನ ಸೋರಿಕೆ ತಡೆಯುವುದು ನಮ್ಮ ಕೈಯಲ್ಲಿಲ್ಲ. ಇದನ್ನು ತಡೆಯುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಎಷ್ಟು ಹಿಡಿಯುತ್ತದೆ ಎಂದು ಮೊದಲೇ ತಿಳಿದಿರಬೇಕು, ಕೊನೆಯ ಒಂದು ನಿಮಿಷ ಅಲ್ಲಿಂದ ಅಲುಗಬಾರದು. ಅಷ್ಟೇ.

ಒಂದು ಲೀಟರ್ ಅಂದರೆ ಎಷ್ಟು?

ಡೀಸೆಲ್ ನೀರಿಗಿಂತ ಹಗುರ. ನೀರಿಗೆ ಬಿದ್ದರೆ ಮುಳುಗದೆ ಮೇಲೆ ತೇಲಿ ತೆಳ್ಳಗೆ ಹರಡುತ್ತದೆ. ಕಾಮನಬಿಲ್ಲಿನ ಬಣ್ಣ ಕಾಣುವ ಪೊರೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸು. ಆ ದಪ್ಪದಲ್ಲಿ ಒಂದು ಲೀಟರ್ ಹರಡಿದರೆ 1,000 ಚದರ ಮೀಟರ್ ಆಗುತ್ತದೆ. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 25 ಸೆಂಟ್ಸ್ ಜಾಗ. ಒಂದು ಮನೆ, ಅಂಗಳ, ಬಾವಿಕಟ್ಟೆ, ನಾಲ್ಕು ತೆಂಗಿನ ಮರ ಎಲ್ಲ ಸೇರುವಷ್ಟು.

ಇನ್ನೊಂದು ಲೆಕ್ಕ ಹಾಕಿ ನೋಡಿ. ಒಂದು ದಕ್ಕೆಯಲ್ಲಿ ದಿನಕ್ಕೆ 100 ಬೋಟು ಡೀಸೆಲ್ ಹಾಕಿಸುತ್ತವೆ, ತಲಾ ಕಾಲು ಲೀಟರ್ ಚೆಲ್ಲುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 25 ಲೀಟರ್ ಆಯ್ತು. ತಿಂಗಳಲ್ಲಿ 25 ದಿನ ಹಿಡಿದರೆ 625 ಲೀಟರ್, ಅಂದರೆ 200 ಲೀಟರಿನ ಮೂರು ಬ್ಯಾರೆಲ್ ತುಂಬಿ ಮಿಗುತ್ತದೆ. ಮೂರು ಬ್ಯಾರೆಲ್ ಡೀಸೆಲನ್ನು ಯಾರಾದರೂ ಬೇಕೆಂದೇ ಹೊಳೆಗೆ ಸುರಿದರೆ ಊರೇ ಸೇರುತ್ತದೆ. ಹನಿಹನಿಯಾಗಿ ಹೋದರೆ ಯಾರೂ ಕೇಳುವುದಿಲ್ಲ.

ಹಾನಿ ಯಾರಿಗೆ?

ತೆರೆದ ಕಡಲಿನಲ್ಲಿ ಗಾಳಿ, ಅಲೆಗೆ ಸಣ್ಣ ಪ್ರಮಾಣದ ಡೀಸೆಲ್ ಬೇಗ ಆವಿಯಾಗಿ ಚದುರಿಹೋಗುತ್ತದೆ. ದಕ್ಕೆಯ ಒಳಗಿನ ಕಥೆ ಬೇರೆ. ಅಲ್ಲಿ ಬೋಟಿಗೆ ಬೋಟು ತಾಗಿಕೊಂಡಿರುತ್ತವೆ, ನೀರು ಆಳವಿಲ್ಲ, ಅಲೆಯ ಓಡಾಟ ಕಡಿಮೆ. ಬಿದ್ದದ್ದರಲ್ಲಿ ಒಂದಷ್ಟು ಆವಿಯಾದರೆ, ಒಂದಷ್ಟು ಕೆಸರಿಗೆ ಅಂಟಿಕೊಳ್ಳುತ್ತದೆ.

ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಐದೂ ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಕಡಲು ಸೇರುತ್ತವೆ. ಮಲ್ಪೆ ಬಂದರು ಇರುವುದೂ ಹೊಳೆಬಾಯಲ್ಲೇ. ಉಬ್ಬರದ ಹೊತ್ತಿಗೆ ದಕ್ಕೆಯ ನೀರು ಹೊಳೆಯೊಳಗೆ ಹಿಂದಕ್ಕೆ ಹೋಗುತ್ತದೆ. ಮೇಲೆ ತೇಲುವ ಪೊರೆಯೂ ಅದರ ಜೊತೆ ಹೋಗುತ್ತದೆ. ಅಲ್ಲಿ ಸೊಂಟದಷ್ಟು ನೀರಿನಲ್ಲಿ ನಿಂತು ಮರುವಾಯಿ, ಪಚ್ಚಿಲೆ ಹೆಕ್ಕುವವರಿದ್ದಾರೆ. ಸಣ್ಣ ಬಲೆ ಬಿಟ್ಟು ಏಡಿ, ಸಿಗಡಿ ಹಿಡಿಯುವವರಿದ್ದಾರೆ.

ಮೀನು ಈಜಿ ಆಚೆ ಹೋಗಬಹುದು. ಚಿಪ್ಪಿನ ಜೀವಿ ಎಲ್ಲಿಗೂ ಹೋಗಲಾರದು. ಅದು ನೀರನ್ನು ಸೋಸಿ ಆಹಾರ ಹಿಡಿಯುವುದರಿಂದ ನೀರಿನಲ್ಲಿದ್ದ ಎಣ್ಣೆಯೂ ಒಳಗೆ ಸೇರುತ್ತದೆ. ಮಾಂಸಕ್ಕೆ ಡೀಸೆಲ್ ವಾಸನೆ ಹಿಡಿಯುತ್ತದೆ. ನೀರು ಶುದ್ಧವಾದ ಮೇಲೂ ಆ ವಾಸನೆ ಹೋಗಲು ವಾರಗಟ್ಟಲೆ ಬೇಕಾಗಬಹುದು. ಒಮ್ಮೆ "ಅಲ್ಲಿನ ಮರುವಾಯಿ ಎಣ್ಣೆ ವಾಸನೆ" ಅಂತ ಮಾತು ಹಬ್ಬಿದರೆ ಬುಟ್ಟಿ ಹೊತ್ತು ಮಾರುವ ಹೆಂಗಸಿನ ಅಂದಿನ ದುಡಿಮೆ ಹೋಯಿತು. ಚೆಲ್ಲಿದವರು ಯಾರೋ, ನಷ್ಟ ಯಾರಿಗೋ.

ಬೋಟಿನವರಿಗೂ ಲಾಭವಿಲ್ಲ. ಚೆಲ್ಲಿದ ಡೀಸೆಲಿಗೂ ದುಡ್ಡು ಕೊಟ್ಟಿರುತ್ತಾರೆ. ಸರ್ಕಾರದ ಕರರಹಿತ ಡೀಸೆಲ್ ಆದರೆ ಅದಕ್ಕೆ ಮಿತಿಯೂ ಇದೆ. ಡೆಕ್ಕಿನ ಮೇಲೆ ಬಿದ್ದರೆ ಕಾಲು ಜಾರುತ್ತದೆ. ಮೀನಿನ ಕ್ರೇಟಿಗೆ, ಬಲೆಗೆ, ಐಸಿಗೆ ತಾಗಿದರೆ ವಾಸನೆ ಬಿಡುವುದಿಲ್ಲ. ಪೆಟ್ರೋಲ್ ಆದರೆ ಬೆಂಕಿಯ ಭಯ ಬೇರೆ.

ಚೆಲ್ಲುವುದು ಎಲ್ಲಿಂದ?

ಹೆಚ್ಚಿನವರು ನೋಡುವುದು ತುಂಬಿಸುವ ಬಾಯಿಯನ್ನು ಮಾತ್ರ. ಆದರೆ ಹೊರಗೆ ಹೋಗುವುದು ಹೆಚ್ಚಾಗಿ ಏರ್ ಪೈಪಿನಿಂದ.

ಟ್ಯಾಂಕಿಗೆ ಡೀಸೆಲ್ ಬಿದ್ದಷ್ಟೇ ಗಾಳಿ ಹೊರಗೆ ಹೋಗಬೇಕು. ಅದಕ್ಕಾಗಿ ಟ್ಯಾಂಕಿನ ಮೇಲಿಂದ ಒಂದು ಸಣ್ಣ ಪೈಪ್ ಬೋಟಿನ ಬದಿಗೆ ಬಂದಿರುತ್ತದೆ. ಟ್ಯಾಂಕ್ ತುಂಬಿದ ಮೇಲೂ ಪಂಪ್ ಓಡುತ್ತಿದ್ದರೆ ಗಾಳಿ ಹೋದ ದಾರಿಯಲ್ಲೇ ಡೀಸೆಲ್ ಹೋಗುತ್ತದೆ. ಆ ಪೈಪಿನ ಬಾಯಿ ನೀರಿನ ಕಡೆಗೆ ಇರುವುದರಿಂದ ಡೆಕ್ಕಿನಲ್ಲಿ ನಿಂತವರಿಗೆ ಕಾಣುವುದೇ ಇಲ್ಲ.

ಬಂಕಿನ ನೋಝಲ್ ತಾನಾಗಿ ಕಟ್ ಆಗುತ್ತದಲ್ಲ ಅನ್ನಬಹುದು. ಆ ನೋಝಲಿನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಡೀಸೆಲ್ ಮೇಲಕ್ಕೆ ಬಂದು ಆ ತೂತು ಮುಚ್ಚಿದಾಗ ಒಳಗಿನ ಒತ್ತಡ ಬದಲಾಗಿ ಟ್ರಿಗರ್ ಬಿಡುತ್ತದೆ. ಕಾರು, ಬೈಕಿಗೆ ಇದು ಸರಿ. ಬೋಟಿನಲ್ಲಿ ತುಂಬಿಸುವ ಪೈಪ್ ಉದ್ದ, ತಿರುವು ಜಾಸ್ತಿ, ಏರ್ ಪೈಪ್ ತಗ್ಗಿನಲ್ಲಿ. ನೋಝಲಿನ ತುದಿಗೆ ಡೀಸೆಲ್ ಮುಟ್ಟುವ ಮೊದಲೇ ಏರ್ ಪೈಪಿನಿಂದ ಹೊರಗೆ ಹೋಗಬಹುದು. ಹಾಗಾಗಿ ಬೋಟಿನಲ್ಲಿ ಆಟೋ ಕಟ್ ನಂಬಿ ಕೂರುವಂತಿಲ್ಲ.

ವೇಗದ ಲೆಕ್ಕವೂ ಗೊತ್ತಿರಲಿ. ನಿಮಿಷಕ್ಕೆ 40 ಲೀಟರ್ ಬರುವ ಪಂಪಿನಲ್ಲಿ ಐದು ಸೆಕೆಂಡ್ ತಡವಾದರೆ ಮೂರು ಲೀಟರಿಗಿಂತ ಹೆಚ್ಚು. ನಿಮಿಷಕ್ಕೆ 80 ಲೀಟರಿನ ದೊಡ್ಡ ಪಂಪ್ ಆದರೆ ಅದೇ ಐದು ಸೆಕೆಂಡಿಗೆ ಆರೂವರೆ ಲೀಟರ್. "ಈಗ ಬಂದೆ" ಅಂತ ಕೂಗಿ ಓಡಿ ಬರುವಷ್ಟರಲ್ಲಿ ಆಗುವ ನಷ್ಟ ಇದು.

ತುಂಬಿಸುವ ಮೊದಲು

1. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಅಳೆಯಿರಿ. ಬೋಟಿನ ಟ್ಯಾಂಕ್ ಹೆಚ್ಚಾಗಿ ಬೋಟಿನ ತಳದ ಆಕಾರಕ್ಕೆ ಹೊಂದಿಕೊಂಡಿರುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ಅಳತೆ ಕೋಲಿನಲ್ಲಿ ಅರ್ಧ ಅಂದರೆ ಡೀಸೆಲ್ ಅರ್ಧ ಅಂತ ಅಲ್ಲ. ಟ್ಯಾಂಕ್ ಖಾಲಿ ಇರುವಾಗ ಒಮ್ಮೆ 100 ಲೀಟರ್ ಹಾಕಿಸಿ ಕೋಲಿಗೆ ಗೀಟು ಹಾಕಿ. ಮತ್ತೆ 100 ಹಾಕಿಸಿ ಇನ್ನೊಂದು ಗೀಟು. ಹೀಗೆ ಪೂರ್ತಿ ಆಗುವ ತನಕ. ನಿಷೇಧ ಮುಗಿದು ಮೊದಲ ಸಲ ತುಂಬಿಸುವಾಗ ಮಾಡಿಟ್ಟರೆ ಇಡೀ ಸೀಸನ್‌ಗೆ ಸಾಕು. ತಂಡೇಲರು ಬದಲಾದರೂ ಕೋಲು ಬದಲಾಗುವುದಿಲ್ಲ.

2. ಎಷ್ಟು ಬೇಕು ಎಂದು ಮೊದಲೇ ಹೇಳಿ. "ಫುಲ್ ಮಾಡಿ" ಅನ್ನಬೇಡಿ, ಲೀಟರ್ ಹೇಳಿ. 2,000 ಲೀಟರಿನ ಟ್ಯಾಂಕ್ ಎಂದುಕೊಳ್ಳಿ. 100ಕ್ಕೆ 95ರಷ್ಟು ಮಾತ್ರ ತುಂಬಿಸಿದರೆ 1,900. ಒಳಗೆ ಈಗಾಗಲೇ 350 ಇದ್ದರೆ ಹಾಕಿಸಬೇಕಾದದ್ದು 1,550. ಮೀಟರ್ 1,500ಕ್ಕೆ ಬಂದಾಗಲೇ ವೇಗ ಇಳಿಸಬೇಕು.

3. ಪೂರ್ತಿ ತುಂಬಿಸಬಾರದು ಏಕೆಂದರೆ ಡೀಸೆಲ್ ಬಿಸಿಗೆ ಹಿಗ್ಗುತ್ತದೆ. ನೆಲದಡಿಯ ಟ್ಯಾಂಕಿನಿಂದ ಬಂದ ಡೀಸೆಲ್ ಬಿಸಿಲಿಗೆ 10 ಡಿಗ್ರಿ ಬಿಸಿಯಾದರೆ 1,000 ಲೀಟರಿಗೆ 8 ಲೀಟರಿನಷ್ಟು ಹೆಚ್ಚಾಗುತ್ತದೆ. ಜಾಗ ಇಲ್ಲದಿದ್ದರೆ ಅದು ಏರ್ ಪೈಪಿನಿಂದ ಕಡಲಿಗೇ ಹೋಗುವುದು. ಅಳಿವೆ ದಾಟುವಾಗ ಬೋಟು ಓಲಾಡಿದರೂ ಹಾಗೆಯೇ.

4. ಬೋಟನ್ನು ಗಟ್ಟಿಯಾಗಿ ಕಟ್ಟಿ, ಮಟ್ಟವಾಗಿ ನಿಲ್ಲಿಸಿ. ಐಸ್, ಬಲೆ ಎಲ್ಲ ಒಂದೇ ಬದಿಗೆ ಇದ್ದರೆ ಬೋಟು ವಾಲುತ್ತದೆ. ವಾಲಿದ ಬದಿಯ ಟ್ಯಾಂಕ್ ಬೇಗ ಹೊರಚೆಲ್ಲುತ್ತದೆ. ಎರಡೂ ಬದಿ ಟ್ಯಾಂಕ್ ಇದ್ದು ನಡುವೆ ಜೋಡಿಸುವ ಪೈಪ್ ಇದ್ದರೆ ಅದರ ವಾಲ್ವ್ ಮುಚ್ಚಿ ಒಂದೊಂದನ್ನೇ ತುಂಬಿಸಿ. ತೆರೆದಿಟ್ಟರೆ ಈಚೆ ಹಾಕಿದ್ದು ಆಚೆ ಹೋಗಿ ಯಾವುದು ತುಂಬಿತು ಎಂದು ಗೊತ್ತಾಗುವುದಿಲ್ಲ.

5. ಸರಿಯಾದ ಮುಚ್ಚಳ ತೆರೆದಿದ್ದೀರಾ ನೋಡಿ. ಕುಡಿಯುವ ನೀರಿನ ಟ್ಯಾಂಕಿನ ಬಾಯಿಗೆ ಡೀಸೆಲ್ ಇಡುವ ಎಡವಟ್ಟು ಕತ್ತಲಲ್ಲಿ ಆಗಬಹುದು. ಮುಚ್ಚಳಕ್ಕೆ ಬಣ್ಣ ಬಳಿದು ಗುರುತು ಮಾಡಿ.

6. ಇಂಜಿನ್, ಗ್ಯಾಸ್ ಒಲೆ ಬಂದ್ ಮಾಡಿ. ಬೀಡಿ, ಸಿಗರೇಟು ಬೇಡ. ತಳದ ನೀರು ಎತ್ತುವ ಪಂಪ್ ಆಟೋಮ್ಯಾಟಿಕ್ ಆಗಿದ್ದರೆ ಅದನ್ನೂ ಆಫ್ ಮಾಡಿ. ಒಳಗೆ ಚೆಲ್ಲಿದ ಡೀಸೆಲನ್ನು ಅದೇ ಪಂಪ್ ಹೊರಗೆ ಎಸೆಯುತ್ತದೆ. ಮುಗಿದ ಮೇಲೆ ಮರೆಯದೆ ಆನ್ ಮಾಡಿ.

ತುಂಬಿಸುವಾಗ: ಇಬ್ಬರು ಬೇಕು

ಒಬ್ಬರು ನೋಝಲ್ ಹತ್ತಿರ, ಇನ್ನೊಬ್ಬರು ಏರ್ ಪೈಪ್ ಹತ್ತಿರ. ಇಬ್ಬರ ನಡುವೆ ಕೈಸನ್ನೆ ಮೊದಲೇ ನಿಶ್ಚಯವಾಗಿರಲಿ, ಏಕೆಂದರೆ ದಕ್ಕೆಯ ಗಲಾಟೆಯಲ್ಲಿ ಕೂಗು ಕೇಳುವುದಿಲ್ಲ. ಕೈ ಎತ್ತಿದರೆ ನಿಲ್ಲಿಸು ಅಂತಲೇ ಅರ್ಥ. ಬಂಕಿನವರಿಗೂ ಅದು ಗೊತ್ತಿರಬೇಕು.

ಟ್ರಿಗರ್‌ಗೆ ಕಡ್ಡಿ, ಬಾಟಲಿ ಮುಚ್ಚಳ ಸಿಕ್ಕಿಸಿ ಬಿಟ್ಟು ಹೋಗುವುದು ಬೇಡ. ನೋಝಲ್ ಕೈಯಲ್ಲೇ ಇರಲಿ.

ಕಿವಿಯೂ ಕೆಲಸ ಮಾಡಲಿ. ಟ್ಯಾಂಕ್ ಖಾಲಿ ಇರುವಾಗ ಡೀಸೆಲ್ ಬೀಳುವ ಸದ್ದು ದಪ್ಪ, ತುಂಬುತ್ತಾ ಬಂದಂತೆ ಸಣ್ಣದಾಗುತ್ತದೆ. ಏರ್ ಪೈಪಿನಿಂದ ಗುಳುಗುಳು ಸದ್ದು ಬಂದರೆ ತಕ್ಷಣ ನಿಲ್ಲಿಸಬೇಕು. ಏರ್ ಪೈಪಿನ ಮುಂದೆ ಕೈ ಹಿಡಿದರೆ ಗಾಳಿ ಬರುವುದು ಗೊತ್ತಾಗುತ್ತದೆ. ಗಾಳಿ ಬರುತ್ತಿಲ್ಲ ಅಂದರೆ ಪೈಪ್ ಕಟ್ಟಿಕೊಂಡಿದೆ ಎಂದು ಅರ್ಥ. ಆಗ ಡೀಸೆಲ್ ತುಂಬಿಸುವ ಬಾಯಿಯಿಂದಲೇ ಚಿಮ್ಮುತ್ತದೆ.

ಏರ್ ಪೈಪಿನ ಬಾಯಿಗೆ ಐದು ಲೀಟರಿನ ಒಂದು ಖಾಲಿ ಕ್ಯಾನ್ ಕಟ್ಟಿ ತೂಗುಬಿಟ್ಟರೆ ಹೊರಗೆ ಬಂದದ್ದು ಅದರಲ್ಲಿ ಬೀಳುತ್ತದೆ. ಆದರೆ ಕ್ಯಾನಿನ ಬಾಯಿಯನ್ನು ಬಟ್ಟೆ ಸುತ್ತಿ ಗಾಳಿಯಾಡದಂತೆ ಬಿಗಿಯಬಾರದು. ಗಾಳಿಗೆ ದಾರಿ ಇರಲೇಬೇಕು, ಇಲ್ಲವಾದರೆ ಟ್ಯಾಂಕಿನೊಳಗೆ ಒತ್ತಡ ಏರುತ್ತದೆ. ತುಂಬಿಸುವ ಬಾಯಿಯ ಸುತ್ತ ದಪ್ಪ ಬನಿಯನ್ ವೇಸ್ಟ್ ಅಥವಾ ಎಣ್ಣೆ ಹೀರುವ ಪ್ಯಾಡ್ ಸುತ್ತಿಡಿ.

ಕೊನೆಯ 50 ಲೀಟರ್ ನಿಧಾನ. ಮುಗಿದ ಮೇಲೆ ನೋಝಲನ್ನು ತಕ್ಷಣ ಎಳೆಯದೆ, ಹನಿ ಇಳಿಯಲು ಬಿಡಿ. ಬೋಟಿನಿಂದ ದಕ್ಕೆಗೆ ದಾಟಿಸುವಾಗ ಕೆಳಗೆ ಒಂದು ಬಟ್ಟೆ ಹಿಡಿಯಿರಿ. ಉದ್ದದ ಪೈಪಿನಲ್ಲಿ ಉಳಿಯುವುದೂ ಕಡಿಮೆ ಏನಲ್ಲ.

ಬ್ಯಾರೆಲ್, ಕ್ಯಾನಿನಿಂದ ತುಂಬಿಸುವವರಿಗೆ

ಬಂಕಿನ ಹತ್ತಿರ ಬೋಟು ತರಲು ಆಗದವರು ಬ್ಯಾರೆಲ್ ಉರುಳಿಸಿ ತಂದು ಪೈಪ್ ಹಾಕಿ ಇಳಿಸುತ್ತಾರೆ. ಇಲ್ಲಿ ಮುಖ್ಯವಾಗಿ ಒಂದು ಮಾತು: ಬಾಯಲ್ಲಿ ಎಳೆಯಬೇಡಿ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಶ್ವಾಸಕೋಶಕ್ಕೆ ಸ್ವಲ್ಪ ಹೋದರೂ ನ್ಯುಮೋನಿಯಾ ತರಬಹುದು. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬಾರದು, ವಾಂತಿಯಾಗುವಾಗ ಶ್ವಾಸನಾಳಕ್ಕೆ ಹೋಗುವ ಅಪಾಯ ಹೆಚ್ಚು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೈಯಲ್ಲಿ ತಿರುಗಿಸುವ ಬ್ಯಾರೆಲ್ ಪಂಪ್ ಬಳಸಿದರೆ ಬಾಯಿಯೂ ಉಳಿಯಿತು, ಬೇಕಾದಾಗ ನಿಲ್ಲಿಸಲೂ ಆಯಿತು.

ಪೈಪ್ ಹಾಕಿ ಇಳಿಸುವಾಗ ಬ್ಯಾರೆಲ್ ಎತ್ತರದಲ್ಲಿ, ಟ್ಯಾಂಕ್ ತಗ್ಗಿನಲ್ಲಿ ಇರುವುದರಿಂದ ಪೈಪಿನ ತುದಿ ಜಾರಿದರೆ ಬ್ಯಾರೆಲ್ ಖಾಲಿಯಾಗುವ ತನಕ ಹರಿಯುತ್ತಲೇ ಇರುತ್ತದೆ. ಹಾಗಾಗಿ ತುದಿಯಲ್ಲಿ ತಿರುಗಿಸಿ ಮುಚ್ಚುವ ವಾಲ್ವ್ ಇರಲಿ.

ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್‌ಗೆ ಬಳಸುವ ಸಣ್ಣ ಟ್ಯಾಂಕನ್ನು ದೋಣಿಯಲ್ಲಿಟ್ಟು ತುಂಬಿಸಬೇಡಿ. ದಡಕ್ಕೆ ಇಳಿಸಿ, ನೆಲದ ಮೇಲಿಟ್ಟು, ಆಲಿಕೆ ಹಾಕಿ ತುಂಬಿಸಿ. ಇದಕ್ಕೆ ಎರಡು ಕಾರಣ. ಮೊದಲನೆಯದು, ಅಲೆಗೆ ದೋಣಿ ಅಲುಗಿದರೆ ಚೆಲ್ಲುವುದು ಖಂಡಿತ. ಎರಡನೆಯದು ಇನ್ನೂ ಮುಖ್ಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಕುಳಿತುಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಒಂದು ಕಿಡಿ ಸಾಕು. ನೆಲದ ಮೇಲಿಟ್ಟು, ನೋಝಲ್ ಟ್ಯಾಂಕಿನ ಬಾಯಿಗೆ ತಾಗಿಸಿಕೊಂಡೇ ತುಂಬಿಸಿದರೆ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ ಕಿಡಿಯ ಭಯವೂ ಕಡಿಮೆಯಾಗುತ್ತದೆ.

ಸಣ್ಣ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಬಿಡುವ ತಿರುಪು ಇರುತ್ತದೆ. ಇಂಜಿನ್ ಓಡುವಾಗ ತೆರೆದಿರಬೇಕು, ಹೊತ್ತು ತರುವಾಗ ಮುಚ್ಚಿರಬೇಕು. ಇದನ್ನು ಮರೆತು ದೋಣಿಯಲ್ಲಿ ಅಡ್ಡ ಮಲಗಿಸಿದ ಟ್ಯಾಂಕಿನಿಂದ ರಾತ್ರಿ ಬೆಳಗಾಗುವುದರೊಳಗೆ ಎಷ್ಟು ಸೋರಿತು ಎಂದು ಬೆಳಿಗ್ಗೆ ವಾಸನೆಯೇ ಹೇಳುತ್ತದೆ. 2ಟಿ ಆಯಿಲ್ ಬೆರೆಸುವುದನ್ನೂ ದಡದಲ್ಲೇ ಮುಗಿಸಿ.

ಚೆಲ್ಲಿಯೇ ಹೋದರೆ?

ಎಷ್ಟೇ ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಚೆಲ್ಲುತ್ತದೆ. ಆಗ ಕ್ರಮ ಹೀಗಿರಲಿ.

• ಮೊದಲು ಪಂಪ್ ನಿಲ್ಲಿಸಿ. ಎಲ್ಲಿಂದ ಬರುತ್ತಿದೆಯೋ ಅದನ್ನು ಮುಚ್ಚಿ.

• ಪೆಟ್ರೋಲ್ ಆದರೆ ಯಾವ ಇಂಜಿನ್ನನ್ನೂ ಸ್ಟಾರ್ಟ್ ಮಾಡಬೇಡಿ, ಸ್ವಿಚ್ ಮುಟ್ಟಬೇಡಿ. ಜನರನ್ನು ದೂರ ಕಳಿಸಿ. ಬೆಂಕಿಯ ಅಪಾಯ ಕಂಡರೆ 112 ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ.

• ಡೆಕ್ಕಿನ ಮೇಲಿನದ್ದು ನೀರಿಗೆ ಇಳಿಯುವ ಮೊದಲೇ ಬಟ್ಟೆ, ಬನಿಯನ್ ವೇಸ್ಟ್, ಪ್ಯಾಡ್ ಹಾಕಿ ಹೀರಿಸಿ. ನೀರು ಹಾಕಿ ತೊಳೆಯಬೇಡಿ. ತೊಳೆದರೆ ಎಲ್ಲ ಕಡಲಿಗೇ ಹೋಯಿತು.

• ದಕ್ಕೆಯ ಕಾಂಕ್ರೀಟ್ ಮೇಲೆ ಬಿದ್ದರೆ ಮರದ ಹುಡಿ ಅಥವಾ ಒಣ ಮರಳು ಹಾಕಿ ಗುಡಿಸಿ ತೆಗೆಯಿರಿ. ಹುಡಿಯನ್ನು ನೀರಿಗೆ ಮಾತ್ರ ಹಾಕಬೇಡಿ. ಎಣ್ಣೆ ಹೀರಿದ ಹುಡಿಯನ್ನು ನೀರಿನಿಂದ ಮತ್ತೆ ಹೆಕ್ಕುವುದು ಯಾರಿಂದಲೂ ಆಗುವುದಿಲ್ಲ.

• ನೀರಿನ ಮೇಲಿನದ್ದಕ್ಕೆ ಎಣ್ಣೆ ಹೀರುವ ಪ್ಯಾಡ್ ಒಳ್ಳೆಯದು. ಪಾಲಿಪ್ರೊಪಿಲೀನ್‌ನಿಂದ ಮಾಡಿದ ಈ ಪ್ಯಾಡ್ ಎಣ್ಣೆಯನ್ನು ಹೀರುತ್ತದೆ, ನೀರನ್ನು ಹೀರುವುದಿಲ್ಲ. ದಾರ ಕಟ್ಟಿ ಬಿಟ್ಟರೆ ಎಳೆದು ತೆಗೆಯಬಹುದು. ಇಲ್ಲದಿದ್ದರೆ ಸಣ್ಣ ಕಣ್ಣಿನ ಹಳೆ ಬಲೆಯೊಳಗೆ ಒಣ ಬೈಹುಲ್ಲು ತುಂಬಿ ಉದ್ದಕ್ಕೆ ಕಟ್ಟಿ, ಪೊರೆ ಹರಡದಂತೆ ಅಡ್ಡ ಹಾಕಬಹುದು. ಹುಲ್ಲು ನೆನೆದು ಭಾರವಾಗುವ ಮೊದಲು ಮೇಲೆತ್ತಬೇಕು.

• ಹೀರಿಸಿದ ಬಟ್ಟೆ, ಹುಡಿ, ಹುಲ್ಲನ್ನು ಮುಚ್ಚಳ ಇರುವ ಡಬ್ಬದಲ್ಲಿ ಹಾಕಿ, ಬಂದರಿನವರು ಹೇಳಿದ ಜಾಗಕ್ಕೆ ಕೊಡಿ. ಕಡಲತೀರದಲ್ಲಿ ಸುಡಬೇಡಿ, ಪಂಚಾಯತ್ ಕಸದ ಬುಟ್ಟಿಗೂ ಹಾಕಬೇಡಿ.

ಸೋಪಿನ ಪುಡಿ ಹಾಕಬೇಡಿ

ದಕ್ಕೆಯಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ ಇದು. ನೀರಿನ ಮೇಲೆ ಪೊರೆ ಕಂಡರೆ ಒಂದು ಪ್ಯಾಕೆಟ್ ಸೋಪಿನ ಪುಡಿ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಎರಚುವುದು. ಪೊರೆ ಮಾಯವಾಗುತ್ತದೆ, ನಿಜ. ಆದರೆ ಡೀಸೆಲ್ ಎಲ್ಲಿಗೂ ಹೋಗಿಲ್ಲ. ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಇಳಿದಿದೆ, ಅಷ್ಟೇ. ಮೇಲೆ ತೇಲುತ್ತಿದ್ದರೆ ಹೀರಿಸಿ ತೆಗೆಯಬಹುದಿತ್ತು, ಒಂದಷ್ಟು ಆವಿಯೂ ಆಗುತ್ತಿತ್ತು. ಈಗ ಮೀನಿನ ಕಿವಿರಿಗೆ, ಮರುವಾಯಿಯ ಹೊಟ್ಟೆಗೆ ನೇರ ಸಿಗುತ್ತದೆ. ಸೋಪಿನ ವಿಷ ಅದರ ಮೇಲೆ.

ದೊಡ್ಡ ಸೋರಿಕೆಗಳಲ್ಲಿ ಎಣ್ಣೆ ಚದುರಿಸುವ ರಾಸಾಯನಿಕ ಬಳಸುವುದುಂಟು. ಅದನ್ನು ಎಲ್ಲಿ, ಯಾವಾಗ ಬಳಸಬೇಕೆಂದು ನೋಡುವುದು ಕೋಸ್ಟ್ ಗಾರ್ಡ್. ದೇಶದ ಎಣ್ಣೆ ಸೋರಿಕೆ ನಿರ್ವಹಣಾ ಯೋಜನೆಯ ಹೊಣೆ ಅವರದ್ದೇ. ಅದು ದಕ್ಕೆಯಲ್ಲಿ ಯಾರೂ ತಮ್ಮಷ್ಟಕ್ಕೆ ಮಾಡುವ ಕೆಲಸ ಅಲ್ಲ.

ಅಂಗಡಿಯವರು ಗಮನಿಸಬೇಕಾದದ್ದು

ಬಂದರಿನ ಸುತ್ತಲಿನ ಹಾರ್ಡ್‌ವೇರ್, ಸ್ಪೇರ್ ಪಾರ್ಟ್ಸ್ ಅಂಗಡಿಗಳು ಹೆಚ್ಚು ಸೋರಿಕೆ ತಡೆಯಬಲ್ಲವು. ಹೋಸ್ ಕ್ಲಿಪ್, ಮುಚ್ಚಳದ ರಬ್ಬರ್ ವಾಷರ್, ಡೀಸೆಲ್ ತಡೆಯುವ ಹೋಸ್, ಬ್ಯಾರೆಲ್ ಪಂಪ್, ಜಾಲರಿ ಇರುವ ಆಲಿಕೆ, ಎಣ್ಣೆ ಹೀರುವ ಪ್ಯಾಡ್ ಇವಿಷ್ಟು ಜುಲೈ ತಿಂಗಳಲ್ಲೇ ಸ್ಟಾಕ್ ಇರಲಿ. ಗಿರಾಕಿ ಹೋಸ್ ಕೇಳಿದರೆ "ಯಾವುದಕ್ಕೆ?" ಎಂದು ಕೇಳಿ ಕೊಡಿ. ತೋಟದ ನೀರಿನ ಪೈಪಿಗೆ ಡೀಸೆಲ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದು ಗಟ್ಟಿಯಾಗಿ ಬಿರುಕು ಬಿಡಬಹುದು.

ಇಂಧನ ಇಟ್ಟುಕೊಳ್ಳುವ ವಿಚಾರದಲ್ಲಿ 1934ರ ಪೆಟ್ರೋಲಿಯಂ ಕಾಯ್ದೆ ಅನ್ವಯಿಸುತ್ತದೆ. ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಮಾರುವಂತಿಲ್ಲ. ಸ್ವಂತ ಬಳಕೆಗಾದರೆ 30 ಲೀಟರ್ ತನಕ ಇಟ್ಟುಕೊಳ್ಳಬಹುದು. ಅದೂ ಭದ್ರವಾದ ಮುಚ್ಚಳವಿದ್ದು, ಗಾಜಿನದ್ದಾದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ಮೀರದ ಪಾತ್ರೆಯಲ್ಲಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಸಿ ಅಂಗಡಿಯ ಮುಂದೆ ಸಾಲಾಗಿ ಇಡುವುದು ಇದರಲ್ಲಿ ಎಲ್ಲೂ ಬರುವುದಿಲ್ಲ. ಡೀಸೆಲ್, ಸೀಮೆಎಣ್ಣೆಯಂಥ ಎರಡನೇ ವರ್ಗದ ಇಂಧನಕ್ಕೆ ಮಿತಿ ಒಂದು ಜಾಗದಲ್ಲಿ ಒಟ್ಟು 2,500 ಲೀಟರ್, ಒಂದೊಂದು ಪಾತ್ರೆ 1,000 ಲೀಟರ್ ಮೀರಬಾರದು.

ಬ್ಯಾರೆಲ್ ಇಡುವ ಜಾಗ ಚರಂಡಿಯ ಪಕ್ಕ ಬೇಡ. ಮಳೆಗಾಲದಲ್ಲಿ ಚರಂಡಿಗೆ ಇಳಿದದ್ದು ಹೊಳೆಗೆ ಹೋಗಿಯೇ ಹೋಗುತ್ತದೆ. ಬ್ಯಾರೆಲಿನ ಕೆಳಗೆ ಅಗಲದ ತಗಡಿನ ಟ್ರೇ ಇಟ್ಟರೆ ಸಣ್ಣ ಸೋರಿಕೆ ಅಲ್ಲೇ ನಿಲ್ಲುತ್ತದೆ.

ಊರವರು ಪೊರೆ ಕಂಡರೆ ಏನು ಮಾಡಬೇಕು?

ಹೊಳೆಯಲ್ಲೋ ದಕ್ಕೆಯಲ್ಲೋ ಬಣ್ಣದ ಪೊರೆ, ಡೀಸೆಲ್ ವಾಸನೆ ಕಂಡರೆ ಜಾಗ, ಹೊತ್ತು ಬರೆದಿಟ್ಟುಕೊಳ್ಳಿ, ಆದರೆ ಒಂದು ಫೋಟೋ ತೆಗೆಯಿರಿ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಬಂದರು ಕಚೇರಿಗೆ ತಿಳಿಸಿ. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093. ಕಡಲಿನಲ್ಲಿ ಬೋಟು ಅಪಾಯದಲ್ಲಿದ್ದರೆ ಕೋಸ್ಟ್ ಗಾರ್ಡಿನ 1554. ಹೊಳೆಗೆ ಮಾಲಿನ್ಯ ಬಿಡುವುದನ್ನು 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಸೆಕ್ಷನ್ ನಿಷೇಧಿಸುತ್ತದೆ, ಹಾಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಡಬಹುದು.

ಪೊರೆ ಕಂಡ ಜಾಗದಲ್ಲಿ ಅವತ್ತು ಮರುವಾಯಿ, ಪಚ್ಚಿಲೆ ಹೆಕ್ಕಬೇಡಿ. ತಂದದ್ದಕ್ಕೆ ಎಣ್ಣೆ ವಾಸನೆ ಇದ್ದರೆ ತಿನ್ನಬೇಡಿ, ಮಾರಬೇಡಿ. ಬೇಯಿಸಿದರೆ ವಾಸನೆ ಹೋಗುವುದಿಲ್ಲ. ಮಕ್ಕಳನ್ನು ಆ ನೀರಿಗೆ ಬಿಡಬೇಡಿ. ಮೈಗೆ ತಾಗಿದರೆ ಬಟ್ಟೆ ಬದಲಿಸಿ ಸೋಪು ಹಚ್ಚಿ ತೊಳೆಯಿರಿ.

ಎರಡು ತಿಂಗಳ ನಿಷೇಧವೇ ರಿಪೇರಿಯ ಹೊತ್ತು

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳು ದಡದಲ್ಲಿರುತ್ತವೆ. ಬಲೆ ಹೆಣೆಯುವ, ಬಣ್ಣ ಬಳಿಯುವ ಈ ಹೊತ್ತಿನಲ್ಲೇ ಅರ್ಧ ದಿನ ಇಂಧನದ ಕಡೆಗೂ ಕೊಡಿ. ಏರ್ ಪೈಪಿನಲ್ಲಿ ಉಪ್ಪು, ತುಕ್ಕು, ಜೇಡನ ಬಲೆ ಕಟ್ಟಿದೆಯಾ ನೋಡಿ. ಅದರ ಬಾಯಿ ಕೊಕ್ಕಿನ ಹಾಗೆ ಕೆಳಗೆ ಬಾಗಿದ್ದರೆ ಮಳೆನೀರು ಒಳಗೆ ಹೋಗುವುದಿಲ್ಲ. ಮುಚ್ಚಳದ ವಾಷರ್ ಬದಲಿಸಿ. ಹೋಸ್ ಬಗ್ಗಿಸಿ ನೋಡಿ, ಬಿರುಕು ಕಂಡರೆ ಹೊಸದು ಹಾಕಿ. ಟ್ಯಾಂಕಿನ ಬೆಸುಗೆಯಲ್ಲಿ ಒದ್ದೆ ಗುರುತು ಇದೆಯಾ ನೋಡಿ. ಇಂಜಿನ್ ರೂಮಿನ ತಳದ ನೀರಿನಲ್ಲಿ ಎಣ್ಣೆ ಇದ್ದರೆ ಎಲ್ಲಿಂದ ಬಂತು ಎಂದು ಹುಡುಕಿ ಸರಿಮಾಡಿ, ಆ ಎಣ್ಣೆ ನೀರನ್ನು ಕಡಲಿಗೆ ಬಿಡದೆ ಡ್ರಮ್ಮಿಗೆ ತುಂಬಿಸಿ ದಡಕ್ಕೆ ಕೊಡಿ.

ಬೋಟಿನಲ್ಲಿ ಅಂಟಿಸಿಡಲು

ಅಳೆಯಿರಿ. ಎಷ್ಟು ಲೀಟರ್ ಎಂದು ಹೇಳಿ. ಬೋಟು ಕಟ್ಟಿ. ಇಂಜಿನ್, ಒಲೆ, ಬೀಡಿ ಬಂದ್. ಒಬ್ಬರು ನೋಝಲ್, ಒಬ್ಬರು ಏರ್ ಪೈಪ್. ಕೊನೆಯ 50 ನಿಧಾನ. 95ಕ್ಕೆ ನಿಲ್ಲಿಸಿ. ಹನಿ ಇಳಿಸಿ. ಮುಚ್ಚಳ ಬಿಗಿಯಿರಿ. ಒರೆಸಿ. ತಳದ ಪಂಪ್ ಆನ್ ಮಾಡಿ.

ಒಂದು ಬೋಟು ಹೀಗೆ ತುಂಬಿಸಲು ಹೆಚ್ಚಿಗೆ ಬೇಕಾಗುವುದು ಐದು ನಿಮಿಷ. ಹತ್ತು ದಿನದ ಟ್ರಿಪ್ಪಿಗೆ ಹೊರಡುವ ಬೋಟಿಗೆ ಐದು ನಿಮಿಷ ದೊಡ್ಡದಲ್ಲ. ಮರಳಿ ಬರುವಾಗ ಮೀನು ಇಳಿಸುವುದೂ ಅದೇ ದಕ್ಕೆಯಲ್ಲಿ, ಕೈಕಾಲು ತೊಳೆಯುವುದೂ ಅದೇ ನೀರಿನಲ್ಲಿ.